ಆರು ಅಂಕಿ, ಒಂದು ‘ಸರಿ’

ಬೆಳಿಗ್ಗೆ ಹನ್ನೊಂದು ಗಂಟೆ ಆರು ನಿಮಿಷ ನಲವತ್ತು ಸೆಕೆಂಡ್. ಆ ಹೊತ್ತಿನಲ್ಲಿ, ಎಲ್ಲರೂ ‘ಇನ್ನೊಮ್ಮೆ ಅಕ್ಕ’ ಎಂದು ಕರೆಯುವ ಅಕ್ಕ ತೂಕ ಪರೀಕ್ಷೆಯ ಕಚೇರಿಯ ಒಳಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ತಟ್ಟೆಯ ಮೇಲೆ ಯಾವುದೋ ಅಂಗಡಿಯ ಇನ್ನೂರು ಗ್ರಾಂ ತೂಕದ ಬಟ್ಟು. ಕೋಣೆಯ ಉಷ್ಣಾಂಶ ಇಪ್ಪತ್ತು ಡಿಗ್ರಿ. ಅಂಕಿಗಳು ಅಲುಗಾಡುವುದು ನಿಂತ ಮೇಲೆ ಅಕ್ಕ ಒಂದೊಂದಾಗಿ ಓದಿದರು: “ಒಂದು, ಒಂಬತ್ತು, ಒಂಬತ್ತು, ಪಾಯಿಂಟ್, ಒಂಬತ್ತು, ಎಂಟು, ಏಳು.” ಎದುರು ಕೂತವರು ರಿಜಿಸ್ಟರಿನಲ್ಲಿ ಬರೆದುಕೊಂಡು, ಬರೆದದ್ದನ್ನು ನೋಡಿ ತಿರುಗಿ ಓದಿದರು. ಅಕ್ಕ “ಸರಿ” ಎಂದರು.

ಅದೇ ದಿನ, ಅದೇ ಸೆಕೆಂಡಿಗೆ ಅಕ್ಕ ಇನ್ನೊಂದು ಕೆಲಸವನ್ನೂ ಮಾಡಿದ್ದರು ಎಂದು ಅವರು ಬಾಡಿಗೆಗಿದ್ದ ಕಟ್ಟಡದ ಕಂಪನಿಯ ದಾಖಲೆ ಹೇಳುತ್ತಿತ್ತು. ಇನ್ನು ಮುಂದೆ ಮನೆಗೆ ಸಂಬಂಧಿಸಿದ ಯಾವ ನೋಟಿಸೂ ಕಾಗದದಲ್ಲಿ ಬೇಡ, ಎಲ್ಲವೂ ಕಂಪ್ಯೂಟರಿನ ಮೂಲಕವೇ ಬರಲಿ ಎಂದು ಒಪ್ಪಿ ಎಲೆಕ್ಟ್ರಾನಿಕ್ ಸಹಿ ಹಾಕಿದ್ದರಂತೆ.

ಅಕ್ಕನನ್ನು ಬಲ್ಲವರಿಗೆ ಇದು ನಂಬುವ ಮಾತಾಗಿರಲಿಲ್ಲ. ಐವತ್ತೇಳು ವರ್ಷದ ಈ ಹೆಂಗಸಿಗೆ ಆ ಹೆಸರು ಬಿದ್ದದ್ದೇ ಅನುಮಾನದಿಂದ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ಒಂದು ಬಟ್ಟನ್ನೂ ಒಂದೇ ಸಲ ತೂಗಿ ಇಳಿಸಿದವರಲ್ಲ. “ಇನ್ನೊಮ್ಮೆ” ಎಂದು ಚಿಮಟ ಎತ್ತಿಕೊಳ್ಳುತ್ತಿದ್ದರು. ಔಷಧಿ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ ಮುಗಿಸುವ ತನಕ ಅಂಗಡಿಯವನು ಚಿಲ್ಲರೆ ಹಿಡಿದುಕೊಂಡು ನಿಂತಿರಬೇಕು. ಸಹಿಯನ್ನು ಸ್ವಂತ ಪೆನ್ನಿನಲ್ಲೇ ಹಾಕುವುದು. ಹಾಕಿದ ಮೇಲೆ ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯುವುದು, ಆಮೇಲೆ ಯಾರೂ ಏನೂ ಸೇರಿಸದ ಹಾಗೆ. “ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನಮ್ಮಕ್ಕ ಪರಾಂಬರಿಸಿದ್ದನ್ನೂ ಒಂದ್ಸಲ ಮೂಸಿ ನೋಡ್ತಾಳೆ” ಎಂದು ತಂಗಿ ನಗುತ್ತಿದ್ದಳು.

ತಂಗಿಗೆ ಐವತ್ತೆರಡು ವರ್ಷ. ಅಕ್ಕನ ಬಾಯಲ್ಲಿ ಇನ್ನೂ ಪುಟ್ಟಿ. ಮೂವತ್ತೈದರ ಹೊತ್ತಿಗೆ ಎರಡೂ ಕಣ್ಣಿನ ದೃಷ್ಟಿ ಹೋಯಿತು. ಆ ವರ್ಷವೇ ಅಕ್ಕ ಅವಳನ್ನು ತಾವಿದ್ದ ಈ ನೆಲಮಹಡಿಯ ಎರಡು ಕೋಣೆಯ ಮನೆಗೆ ಕರೆತಂದರು. ಹದಿನೇಳು ವರ್ಷದಲ್ಲಿ ಪುಟ್ಟಿ ಆ ಮನೆಯನ್ನು ಕಾಲಿನಲ್ಲಿ ಕಂಠಪಾಠ ಮಾಡಿದ್ದಳು. ಹಾಸಿಗೆಯಿಂದ ಒಲೆಗೆ ಹನ್ನೆರಡು ಹೆಜ್ಜೆ, ಒಲೆಯಿಂದ ನಲ್ಲಿಗೆ ಮೂರು, ನಲ್ಲಿಯಿಂದ ಕಿಟಕಿಗೆ ಐದು. ಕಿಟಕಿಯ ಕೆಳಗೆ ಅವಳ ಕೆಲಸದ ಜಾಗ: ನೀರಿನ ಬಕೆಟ್ಟಿನಲ್ಲಿ ನೆನೆಹಾಕಿದ ಬೆತ್ತದ ಸೀಳುಗಳು, ಸೀಟು ಹರಿದ ಎರಡೋ ಮೂರೋ ಕುರ್ಚಿಗಳು. ಕುರ್ಚಿ ತರುವವರು ಕಿಟಕಿಯಲ್ಲೇ ಕೂಗುತ್ತಿದ್ದರು. ಅವಳು ಚೌಕಟ್ಟಿನ ತೂತುಗಳನ್ನು ಬೆರಳಲ್ಲಿ ಎಣಿಸಿ ಎಷ್ಟು ದಿನದ ಕೆಲಸ ಎಂದು ಹೇಳುತ್ತಿದ್ದಳು. ಆ ಮನೆ ಹೋದರೆ ಅಕ್ಕನಿಗೆ ವಿಳಾಸ ಬದಲಾಗುತ್ತಿತ್ತು. ಪುಟ್ಟಿಗೆ ಕಣ್ಣು ಇನ್ನೊಮ್ಮೆ ಹೋಗುತ್ತಿತ್ತು.

ಮನೆ ಹೋಗುತ್ತಿದೆ ಎಂದು ಮೊದಲು ತಿಳಿದದ್ದು ಪುಟ್ಟಿಗೇ. ಒಂದು ಬುಧವಾರ ಮಧ್ಯಾಹ್ನ ಬಾಗಿಲು ತಟ್ಟಿದ ಗಂಡಹೆಂಡತಿ ಒಳಗೆ ಬಂದು ಕಿಟಕಿಗೆ ಅಳತೆಪಟ್ಟಿ ಹಿಡಿದರು.

“ಏನು ಅಳೀತಿದ್ದೀರಾ?” ಎಂದಳು ಪುಟ್ಟಿ.

“ಪರದೆಗೆ. ಮುಂದಿನ ತಿಂಗಳು ನಾವು ಬರ್ತೀವಲ್ಲ.”

“ಬನ್ನಿ, ಸಂತೋಷ. ನಾವು ಎಲ್ಲಿರ್ತೀವಂತೆ?”

ಸಂಜೆ ಅಕ್ಕ ಚಪ್ಪಲಿಯನ್ನೂ ಬಿಡದೆ ಮ್ಯಾನೇಜರರ ಬಾಗಿಲಿಗೆ ಹೋದರು. ಕಟ್ಟಡವನ್ನು ಕಂಪನಿ ಕೊಂಡು ಎರಡು ವರ್ಷವಾಗಿತ್ತು. ಮ್ಯಾನೇಜರು ಸದಾ ಇಸ್ತ್ರಿ ಮಾಡಿದ ಅಂಗಿ ತೊಡುವ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನುಷ್ಯ.

“ಮೇಡಂ, ಒಪ್ಪಂದ ಮುಂದುವರಿಸ್ತೀರಾ ಅಂತ ಕೇಳಿ ನೋಟಿಸ್ ಹಾಕಿದ್ವಿ. ಮೂವತ್ತು ದಿನ ಕಾದ್ವಿ. ನಿಮ್ಮಿಂದ ಉತ್ತರ ಇಲ್ಲ. ಆಮೇಲೆ ಖಾಲಿ ಮಾಡೋ ನೋಟಿಸನ್ನೂ ಹಾಕಿದ್ವಿ.”

“ಎಲ್ಲಿ ಹಾಕಿದ್ರಿ? ನನ್ನ ಕೈಗೆ ಒಂದು ಚೂರು ಕಾಗದ ಬಂದಿಲ್ಲ.”

“ಕಂಪನಿ ವೆಬ್‌ಸೈಟಲ್ಲಿ ನಿಮ್ಮ ಖಾತೆ ಇದೆಯಲ್ಲ, ಅಲ್ಲಿ. ಕಾಗದ ಬೇಡ ಅಂತ ನೀವೇ ಸಹಿ ಹಾಕಿದ್ದೀರಿ.”

“ನಾನಾ? ಸಹಿನಾ? ಯಾವ ಪೆನ್ನಲ್ಲಿ?”

ಮ್ಯಾನೇಜರು ನಕ್ಕು ಒಂದು ಹಾಳೆ ಕೊಟ್ಟರು. ಅಕ್ಕನ ಹೆಸರು, ಅಕ್ಕನ ಫೋನ್ ನಂಬರು, ನಾಲ್ಕು ತಿಂಗಳ ಹಿಂದಿನ ತಾರೀಕು, 11:06:40, ದೃಢೀಕರಣ ಸಂಖ್ಯೆ, ‘ಒಪ್ಪಿಗೆ ಪಡೆಯಲಾಗಿದೆ’. ಕೆಳಗೆ ಅರ್ಧ ಹಾಳೆ ಖಾಲಿ. ಅಡ್ಡಗೆರೆ ಇಲ್ಲ. ಅಕ್ಕನಿಗೆ ಅಷ್ಟು ಸಾಕಾಯಿತು. ಇದು ತನ್ನ ಕೈಯಿಂದ ಹೋದ ಕಾಗದವಲ್ಲ.

ಅಂದಿನಿಂದ ಅವರ ಅನುಮಾನಕ್ಕೆ ಕಾಲು ಬಂತು. ಮ್ಯಾನೇಜರು ಸುಳ್ಳು ಸಹಿ ಸೃಷ್ಟಿಸಿದ್ದಾನೆ ಎಂಬುದು ಮೊದಲನೆಯದು. ನಲ್ಲಿ ರಿಪೇರಿಗೆ ಬಂದವನು ಫೋನ್ ಮುಟ್ಟಿದನೇ? ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವನು ಇಣುಕಿದನೇ? ಒಂದು ಸಂಜೆ ಅನುಮಾನ ಮನೆಯೊಳಕ್ಕೇ ಬಂದು ಕೂತಿತು.

“ಪುಟ್ಟಿ, ಯಾರಾದ್ರೂ ಬಂದು ನಿನ್ನ ಕೈಲಿ ಏನಾದ್ರೂ ಗೀಚಿಸಿಕೊಂಡು ಹೋದ್ರಾ? ನೆನಪು ಮಾಡ್ಕೋ.”

ಬೆತ್ತದ ಸೀಳು ಎಳೆಯುತ್ತಿದ್ದ ಕೈ ನಿಂತಿತು. “ನಾನು ಸಹಿ ಹಾಕಿದ್ರೆ ಅದು ಮೇಜಿನ ಮೇಲೆ ಬಿದ್ದಿರುತ್ತೆ ಅಕ್ಕ, ಕಾಗದದ ಮೇಲಲ್ಲ. ಹೋಗಿ ಮೇಜು ನೋಡು.”

ಅಕ್ಕ ನಗಲಿಲ್ಲ. ಪುಟ್ಟಿಯೂ ನಕ್ಕಿರಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಅವಳ ಬಕೆಟ್ಟಿನ ನೀರು ಬದಲಾಯಿಸಿ, ಎರಡು ಸಲ ಕಾಫಿ ಮಾಡಿಕೊಟ್ಟರು. ಕ್ಷಮಿಸು ಎನ್ನುವ ರೂಢಿ ಆ ಮನೆಯಲ್ಲಿರಲಿಲ್ಲ.

ದಾರಿ ಸಿಕ್ಕಿದ್ದು ಕಚೇರಿಯಲ್ಲಿ. ಅಕ್ಕನ ಎದುರು ಕೂತು ಬರೆಯುವವರಿಗೆ ಎಲ್ಲರೂ ಇಟ್ಟ ಹೆಸರು ಮಾರ್ದನಿ. ಇಪ್ಪತ್ತಾರು ವರ್ಷದಿಂದ ಅಕ್ಕ ಓದಿದ ಅಂಕಿಯನ್ನು ತಿರುಗಿ ಹೇಳುವುದೇ ಅವರ ಕೆಲಸ. ಆ ಒಳಕೋಣೆಯಲ್ಲಿ ಓದುವವರು ಬರೆಯುವಂತಿಲ್ಲ, ಬರೆಯುವವರು ಓದುವಂತಿಲ್ಲ. ಕಣ್ಣಿಗೆ ಬಿದ್ದ ಅಂಕಿಯನ್ನು ಜೋರಾಗಿ ಹೇಳಬೇಕು, ಬರೆದವರು ಮರುನುಡಿಯಬೇಕು, ಹೊಂದಿದರೆ ಓದಿದವರು ‘ಸರಿ’ ಎನ್ನಬೇಕು. ‘ಸರಿ’ ಬರದ ಅಂಕಿ ರಿಜಿಸ್ಟರಿನಲ್ಲಿ ಉಳಿಯುವುದಿಲ್ಲ.

ಮಾರ್ದನಿ ಹಳೆಯ ರಿಜಿಸ್ಟರ್ ತೆಗೆದು ತಾರೀಕು ಹುಡುಕಿದರು. “ಬಂತು ನೋಡಿ ಅಕ್ಕಾ! ಹನ್ನೊಂದೂ ಐದರಿಂದ ಹನ್ನೊಂದೂ ಒಂಬತ್ತು, ಇನ್ನೂರು ಗ್ರಾಂ ಬಟ್ಟು. ಓದಿದ್ದು ನೀವು, ಬರೆದದ್ದು ನಾನು. ನಿಮ್ಮ ಫೋನು ಹೊರಗಡೆ ಪೆಟ್ಟಿಗೇಲಿ ಬೀಗ ಹಾಕ್ಕೊಂಡು ಕೂತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

ಅಕ್ಕ ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಬಾಡಿಗೆ ತಕರಾರುಗಳ ಕಚೇರಿಗೆ ದೂರು ಹೋಯಿತು. ಮನೆ ನೋಡಲು ಯಾರನ್ನೂ ಕಳಿಸಬೇಡಿ ಎಂದು ಕಂಪನಿಗೆ ತಾಕೀತಾಯಿತು. ಮೂರು ವಾರದ ನಂತರ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ ವಿಚಾರಣೆ.

ಭಾನುವಾರವೇ ಅಕ್ಕ ಗೆದ್ದವರ ಹಾಗಿದ್ದರು. ಸೋಮವಾರ ತಿಂಡಿಯ ಹೊತ್ತಿಗೆ ಮಾತ್ರ ಕಂಪನಿ ಕೊನೆಯಲ್ಲಿ ಕಳಿಸಿದ ದಾಖಲೆಗಳ ಎರಡನೇ ಪುಟವನ್ನು ಇನ್ನೊಮ್ಮೆ ತೆಗೆದರು. ಅದರಲ್ಲಿ ಅವರು ಅಷ್ಟು ಗಮನಿಸದಿದ್ದ, ಅದೇ ತಾರೀಕಿನ ಒಂದು ಸಾಲಿತ್ತು: ‘ಗೇಟ್ ಕಾರ್ಡ್ ವಿತರಣೆ, 11:09:05.’

ತುತ್ತು ಬಾಯಿಯ ಹತ್ತಿರವೇ ನಿಂತಿತು.

“ಏನಾಯ್ತು?” ಪುಟ್ಟಿಗೆ ಸದ್ದು ನಿಂತದ್ದೂ ಕೇಳಿಸುತ್ತದೆ.

“ಗೇಟಿನ ಕಾರ್ಡು ನಾನೇ ಕೈಯಾರೆ ಇಸ್ಕೊಂಡಿದ್ದು. ಆಫೀಸಿಂದ ಬಂದ ಮೇಲೆ, ಸಂಜೆ. ಇದರಲ್ಲಿ ಹನ್ನೊಂದು ಗಂಟೆ ಅಂತಿದೆ.”

“ಹಾಗಾದ್ರೆ ಅದೂ ಸುಳ್ಳು. ಒಳ್ಳೇದೇ ಆಯ್ತಲ್ಲ, ಎರಡು ಸುಳ್ಳು ಸಿಕ್ತು.”

“ಕಾರ್ಡು ಸುಳ್ಳಲ್ಲ ಪುಟ್ಟಿ. ನನ್ನ ಚೀಲದಲ್ಲಿದೆ.”

ಎಂಟೂ ಕಾಲಿಗೆ ಅಕ್ಕ ಗೇಟಿನ ಹತ್ತಿರ ನಿಂತಿದ್ದರು. ಅವರ ಕೈಗಡಿಯಾರ ದಿನವೂ ಕಚೇರಿಯ ಗಡಿಯಾರಕ್ಕೆ ಹೊಂದಿಸಿದ್ದು. ಕಾರ್ಡು ತೋರಿಸಿದರು, ಗೇಟು ತೆರೆಯಿತು. ಕಾವಲುಗಾರನ ಗೂಡಿನೊಳಗಿನ ಪುಟ್ಟ ಪರದೆಯಲ್ಲಿ ಒಂದು ಹೊಸ ಸಾಲು ಮೂಡಿತು.

“ಎಷ್ಟು ಗಂಟೆ ತೋರಿಸ್ತಿದೆ?”

“ಒಂದೂ ಕಾಲು” ಎಂದ ಕಾವಲುಗಾರ. “ಹಾಕಿದಾಗಿಂದ ಹಾಗೇ ಅಕ್ಕಾವ್ರೇ. ಕಂಪನಿ ಕಂಪ್ಯೂಟರಿನ ಟೈಮೇ ಹಾಗಂತೆ, ಯಾರೂ ಸರಿ ಮಾಡಿಲ್ಲ. ನಾನು ಏಳು ಗಂಟೆ ಕೂಡಿಸ್ಕೋತೀನಿ. ರೂಢಿಯಾಗಿದೆ.”

ಹನ್ನೊಂದು, ಅದಕ್ಕೆ ಏಳು. ಸಂಜೆ ಆರು ಗಂಟೆ ಆರು ನಿಮಿಷ ನಲವತ್ತು ಸೆಕೆಂಡ್. ಅಕ್ಕನಿಗೆ ಆ ಸಂಜೆ ಇಡೀ ನೆನಪಾಯಿತು. ಮೆಟ್ಟಿಲ ಕೆಳಗೆ ಒಂದು ಮೇಜು. ಮ್ಯಾನೇಜರು ಕೈಯಲ್ಲಿ ಟ್ಯಾಬ್ ಹಿಡಿದು ಕೂತಿದ್ದರು. “ಗೇಟಿನ ಕಾರ್ಡಿಗೆ ಮೇಡಂ, ನಿಮ್ಮ ಫೋನಿಗೊಂದು ನಂಬರ್ ಬಂದಿರುತ್ತೆ ನೋಡಿ.” ಅಕ್ಕ ಗುಂಡಿ ಒತ್ತುವ ತಮ್ಮ ಹಳೆಯ ಫೋನು ತೆಗೆದರು. ಕಣ್ಣಿಗೆ ಆರು ಅಂಕಿ ಬಿದ್ದವು. ಮೂವತ್ತೊಂದು ವರ್ಷದ ನಾಲಗೆ ಅವನ್ನು ಒಂದೊಂದಾಗಿ ಜೋರಾಗಿ ಓದಿತು. ಎದುರಿನವರು ಒತ್ತಿಕೊಳ್ಳುತ್ತಾ ತಿರುಗಿ ಹೇಳಿದರು. ಹೊಂದಿತು.

“ಸರಿ” ಎಂದಿದ್ದರು ಅಕ್ಕ.

ಬೆಳಕಿನ ಕೆಳಗೆ ಹಿಡಿದು ಔಷಧಿ ಬಾಟಲಿ ಓದುವ ಹೆಂಗಸು, ಯಾವುದಕ್ಕೆ ಎಂದೂ ಕೇಳದೆ, ನಿಂತಲ್ಲೇ ಆರು ಅಂಕಿ ಕೊಟ್ಟು ಬಂದಿದ್ದರು. ಅದು ಸಂಖ್ಯೆಯಾಗಿತ್ತು ಎಂಬ ಒಂದೇ ಕಾರಣಕ್ಕೆ.

ಬಾಡಿಗೆ ತಕರಾರು ಕಚೇರಿಯ ವರಾಂಡದಲ್ಲಿ ರಿಜಿಸ್ಟರನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ ಮಾರ್ದನಿಗೆ ಅಕ್ಕ ಎಲ್ಲವನ್ನೂ ಹೇಳಿದರು. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ನೀವು ಬಾಯಿ ಬಿಡಬೇಡಿ. ಅವರ ಕಾಗದದಲ್ಲಿ ಹನ್ನೊಂದೂ ಆರು ಅಂತಿದೆ, ನಮ್ಮ ರಿಜಿಸ್ಟರಲ್ಲಿ ಆಗ ನೀವು ತಕ್ಕಡಿ ಮುಂದೆ ಇದ್ದೀರಿ. ಗಡಿಯಾರ ಸರಿ ಇಟ್ಟುಕೊಳ್ಳೋದು ಅವರ ಕರ್ಮ.”

“ತಕ್ಕಡಿ ನಮ್ಮ ಕಡೆ ವಾಲಿದ್ರೆ ಪಾಸ್ ಮಾಡ್ತೀವಾ?”

“ಇದು ತಕ್ಕಡಿ ಅಲ್ಲ ಅಕ್ಕಾ, ಪುಟ್ಟಿಯ ಮನೆ! ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೋತೀರಾ? ಅದೂ ಮುದ್ರೆ ಒತ್ತಿದ ಕಲ್ಲು!”

ಪುಟ್ಟಿ ಬೆಂಚಿನ ತುದಿಯಲ್ಲಿ ಕೋಲು ಹಿಡಿದು ಕೂತಿದ್ದಳು. “ನನ್ನ ಹೆಸರು ಹೇಳಿ ಅವಳನ್ನ ಹೆದರಿಸಬೇಡಿ” ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ, “ಅಕ್ಕ, ನೀನು ಸುಳ್ಳು ಹೇಳಿದ್ರೆ ನಿನ್ನ ದನಿ ಬೇರೆ ಆಗುತ್ತೆ. ಆ ದನಿ ಜೊತೆ ನಾನು ಆ ಮನೇಲಿರಬೇಕಾಗುತ್ತೆ. ನೋಡ್ಕೋ” ಎಂದಳು.

ವಿಚಾರಣೆಯ ಅಧಿಕಾರಿ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡ ಹೆಂಗಸು. ಮ್ಯಾನೇಜರು ತಮ್ಮ ಹಾಳೆಗಳನ್ನು ಮುಂದಿಟ್ಟರು. ಅಕ್ಕ ಬಟ್ಟೆ ಬಿಚ್ಚದ ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ಹೇಳಿದರು:

“ಮೇಡಂ, ಆ ಹೊತ್ತು ಹನ್ನೊಂದೂ ಆರಲ್ಲ. ಗಡಿಯಾರ ಏಳು ಗಂಟೆ ಹಿಂದಿದೆ. ಸಂಜೆ ಆರೂ ಆರು. ನಾನು ಅಲ್ಲೇ ಇದ್ದೆ. ನಂಬರ್ ಹೇಳಿದ್ದು ನಾನೇ.”

ಹಿಂದಿನ ಬೆಂಚಿನಲ್ಲಿ ಮಾರ್ದನಿ ಹಣೆ ಹಿಡಿದುಕೊಂಡರು. ಮ್ಯಾನೇಜರ ಮುಖ ಅರಳಿತು. “ನೋಡಿದ್ರಲ್ಲ ಮೇಡಂ, ಅವರೇ ಒಪ್ಪಿಕೊಂಡ್ರು. ನಾನು ನಂಬರ್ ತಿರುಗಿ ಹೇಳಿದ ಮೇಲೆ ಬಾಯಿ ಬಿಟ್ಟು ‘ಸರಿ’ ಅಂತಾನೂ ಅಂದ್ರು.”

“ಅಂದ್ರಾ?” ಅಧಿಕಾರಿ ಅಕ್ಕನನ್ನು ಕೇಳಿದರು.

“ಅಂದೆ.”

“ಯಾವುದಕ್ಕೆ ಸರಿ?”

“ಅಂಕಿಗೆ.”

“ಅಂದ್ರೆ?”

ಅಕ್ಕನಿಗೆ ವಿವರಿಸಲು ಬರಲಿಲ್ಲ. ಉಸಿರು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದ ಹಾಗಾಯಿತು. ಅಧಿಕಾರಿಯ ಮೇಜಿನ ಮೇಲೊಂದು ಕಡತ, ಅದರ ಬೆನ್ನಿಗೆ ದಪ್ಪ ಅಕ್ಷರದಲ್ಲಿ ಸಂಖ್ಯೆ. ಅಕ್ಕ ಅದನ್ನೇ ನೋಡಿ ಓದಿದರು: “ನಾಲ್ಕು, ಎರಡು, ಒಂಬತ್ತು, ಸೊನ್ನೆ.”

“ನಾಲ್ಕು, ಎರಡು, ಒಂಬತ್ತು, ಸೊನ್ನೆ” ಎಂದಿತು ಹಿಂದಿನ ಬೆಂಚು. ಮಾರ್ದನಿಗೆ ತಾವು ಹೇಳಿದ್ದು ಹೇಳಿದ ಮೇಲೆಯೇ ಗೊತ್ತಾಯಿತು.

“ಸರಿ” ಎಂದರು ಅಕ್ಕ.

ಅಧಿಕಾರಿ ಕನ್ನಡಕ ಏರಿಸಿಕೊಂಡರು. “ಈಗ ನನ್ನ ಫೈಲು ನಿಮ್ಮದಾಯ್ತು ಅಂತ ತಿಳ್ಕೋಬೇಕಾ?” ಎಂದರು. ಪುಟ್ಟಿ ಮೊದಲು ನಕ್ಕಳು.

“ಸಹಿ ಅಂದ್ರೆ ಪೆನ್ನಲ್ಲೇ ಹಾಕಬೇಕಲ್ವಾ ಮೇಡಂ?” ಅಕ್ಕ ಧೈರ್ಯ ಮಾಡಿ ಕೇಳಿದರು.

“ಇಲ್ಲ. ಅಲ್ಲಿ ನೀವು ತಪ್ಪು. ಕಂಪ್ಯೂಟರಲ್ಲಿ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಸಹಿ ಬಿದ್ದುಹೋಗಲ್ಲ. ಬೆರಳಲ್ಲಿ ಗೀಚಿದ್ರೂ ಸಹಿ, ಹೆಸರು ಒತ್ತಿದ್ರೂ ಸಹಿ, ಹೀಗೆ ನಂಬರ್ ಕೊಟ್ಟರೂ ಸಹಿ ಆಗಬಹುದು. ಆದ್ರೆ ಕೊಡೋರಿಗೆ ತಾವು ಇಂಥದ್ದಕ್ಕೆ ಸಹಿ ಹಾಕ್ತಿದ್ದೀವಿ ಅಂತ ಗೊತ್ತಿರಬೇಕು.” ಅವರು ಮ್ಯಾನೇಜರ ಕಡೆ ತಿರುಗಿದರು. “ಕಾಗದ ಬೇಕು ಅಂದ್ರೆ ಕಾಗದಾನೂ ಸಿಗುತ್ತೆ ಅಂತ ಇವರಿಗೆ ಮೊದಲೇ ಹೇಳಿದ್ರಾ?”

“ಅದು ಷರತ್ತುಗಳಲ್ಲಿ ಇತ್ತು ಮೇಡಂ. ಟ್ಯಾಬಲ್ಲಿ, ಎಂಟನೇ ಪುಟ.”

“ಟ್ಯಾಬ್ ಯಾರ ಕಡೆ ತಿರುಗಿತ್ತು?”

ಮ್ಯಾನೇಜರು ಕತ್ತಿನ ಪಟ್ಟಿ ಸರಿಮಾಡಿಕೊಂಡರು. “ನನ್ನ ಕಡೆ.”

“ಕೊಟ್ಟ ಒಪ್ಪಿಗೆ ಆಮೇಲೆ ವಾಪಸ್ ತಗೋಬಹುದು, ಹೇಗೆ ತಗೋಬೇಕು ಅಂತ ಹೇಳಿದ್ರಾ?”

“ಅದೂ ಅದೇ ಪುಟದಲ್ಲಿ…”

“ಅಮ್ಮಾ, ನಿಮ್ಮ ಫೋನ್ ಕೊಡಿ.” ಅಕ್ಕ ಗುಂಡಿಯ ಫೋನನ್ನು ಮೇಜಿನ ಮೇಲಿಟ್ಟರು. ಅದರ ಹಿಂಬದಿಯ ಮುಚ್ಚಳ ರಬ್ಬರ್ ಬ್ಯಾಂಡಿನಲ್ಲಿ ನಿಂತಿತ್ತು. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಮ್ಯಾನೇಜರ ಮುಂದೆ ಸರಿಸಿದರು. “ನೀವು ಕಳಿಸಿದ ನೋಟಿಸನ್ನ ಇದರಲ್ಲಿ ತೆಗೆದು ತೋರಿಸಿ.”

ಮ್ಯಾನೇಜರು ಫೋನನ್ನು ಮುಟ್ಟಲಿಲ್ಲ.

“ಆ ಖಾತೆಯನ್ನ ಇವರು ಎಷ್ಟು ಸಲ ತೆರೆದಿದ್ದಾರೆ? ನಿಮ್ಮ ದಾಖಲೇಲೇ ಇರಬೇಕಲ್ಲ.”

“ಸೊನ್ನೆ.”

“ಸೊನ್ನೆ” ಎಂದು ಬರೆದುಕೊಂಡರು ಅಧಿಕಾರಿ. “ಕಂಪ್ಯೂಟರಲ್ಲಿ ಕಳಿಸಿ ಅಂತ ಒಬ್ಬರು ಒಪ್ಪಬೇಕಾದ್ರೆ, ಅದು ಅವರ ಕೈಲಿ ತೆರೆಯೋಕೆ ಆಗುತ್ತೆ ಅಂತ ಆ ಒಪ್ಪಿಗೆಯಲ್ಲೇ ಗೊತ್ತಾಗಬೇಕು. ಅದಕ್ಕೂ ಮೇಲೆ, ವಾಸದ ಮನೆ ಖಾಲಿ ಮಾಡಿಸೋ ನೋಟಿಸನ್ನ ಯಾರು ಏನೇ ಒಪ್ಪಿರಲಿ, ಕಾಗದದಲ್ಲೇ ಕೊಡಬೇಕು. ಇಲ್ಲಿನ ನಿಯಮ ಅದು, ನಿಮಗೆ ಗೊತ್ತಿಲ್ಲ ಅಂತ ನಾನು ನಂಬಲ್ಲ.”

ಮ್ಯಾನೇಜರಿಗೆ ಗೊತ್ತಿತ್ತೇ? ಕಟ್ಟಡದ ಇಪ್ಪತ್ತೆರಡು ಮನೆಯವರ ಕೈಯಲ್ಲೂ ಗೇಟಿನ ಹೆಸರಲ್ಲಿ ಬೇಕೆಂದೇ ನಂಬರ್ ಹೇಳಿಸಿದರೇ, ಅಥವಾ ಅವರೂ ಮೇಲಿನವರು ಕೊಟ್ಟ ಟ್ಯಾಬನ್ನು ಓದದೆ ಒತ್ತಿದರೇ? ಅಕ್ಕ ಅದನ್ನು ಕೊನೆಯವರೆಗೂ ತೀರ್ಮಾನಿಸಲಿಲ್ಲ. ಗೇಟಿನಲ್ಲಿ ಎದುರಾದಾಗಲೆಲ್ಲ ಅವರ ಕೈ ನೋಡುತ್ತಿದ್ದರು, ಆಮೇಲೆ ಮುಖ. ಆದರೆ ಮಾರನೆಯ ದಿನದಿಂದ ಮೇಲಿನ ಮಹಡಿಗಳ ಬಾಗಿಲು ಒಂದೊಂದಾಗಿ ತಟ್ಟಿ, “ಗೇಟಿನ ಕಾರ್ಡ್ ಇಸ್ಕೊಳ್ಳೋವಾಗ ನೀವೂ ನಂಬರ್ ಹೇಳಿದ್ರಾ? ಹಾಗಾದ್ರೆ ಕೂತ್ಕೊಳ್ಳಿ, ಒಂದು ಅರ್ಜಿ ಬರೀಬೇಕು” ಎಂದು ಹೇಳಿ ಬಂದರು. ಎಲ್ಲರಿಂದಲೂ ಅಡ್ಡಗೆರೆ ಎಳೆಸಿದರು.

ಆದೇಶ ಬಂದದ್ದು ಹನ್ನೊಂದು ದಿನದ ನಂತರ, ಕಾಗದದಲ್ಲಿ, ಅಂಚೆಯವರ ಕೈಯಿಂದ. ಅಕ್ಕ ಲಕೋಟೆಯ ಎರಡೂ ಬದಿ ನೋಡಿ, ಮುದ್ರೆ ನೋಡಿ, ಪುಟ ಎಣಿಸಿ, ಆಮೇಲೆ ಸಹಿ ಹಾಕಿ ತೆಗೆದುಕೊಂಡರು. ಅಂಚೆಯವರು ತಮ್ಮ ಪೆನ್ನನ್ನು ಜೇಬಿಗೆ ವಾಪಸ್ ಹಾಕಿಕೊಂಡರು. ಅವರಿಗೆ ಈ ಮನೆಯ ರೂಢಿ ಗೊತ್ತಿತ್ತು.

ಪುಟ್ಟಿ ಕಿಟಕಿಯ ಕೆಳಗೆ ಒಂದು ಕುರ್ಚಿಯ ಕೊನೆಯ ಸಾಲು ಬಿಗಿಯುತ್ತಿದ್ದಳು. “ಜೋರಾಗಿ ಓದು” ಎಂದಳು. ಅಕ್ಕ ಓದಿದರು. ಎರಡೂ ನೋಟಿಸುಗಳು ಅಸಿಂಧು. ಮನೆಯ ಒಪ್ಪಂದ ಮೊದಲಿನ ಷರತ್ತುಗಳ ಮೇಲೇ ಮುಂದಿನ ಮೂರು ವರ್ಷಕ್ಕೆ ಮುಂದುವರಿಯತಕ್ಕದ್ದು. ಪುಟ್ಟಿಯ ಕೈಯಲ್ಲಿದ್ದ ಬೆತ್ತ ಒಮ್ಮೆ ಕಿರ್ ಎಂದಿತು.

“ಇನ್ನೂ ಇದೆ. ಏಳನೇ ಪ್ಯಾರಾ.” ಅಕ್ಕನ ದನಿ ಕಚೇರಿಯ ದನಿಯಾಯಿತು. “‘ದೂರುದಾರರು ಕಾಗದರಹಿತ ನೋಟಿಸಿಗೆ ಒಪ್ಪಿದ್ದರು ಎಂದು ಕಂಪನಿ ಸಾಬೀತುಪಡಿಸಿಲ್ಲ. ಅವರು ಸರಿ ಎಂದು ಒಪ್ಪಿದ್ದು ಈ ಕೆಳಗಿನದನ್ನು ಮಾತ್ರ ಎಂದು ಈ ಕಚೇರಿ ಭಾವಿಸುತ್ತದೆ.’” ಅದರ ಕೆಳಗೆ ಒಂದೇ ಒಂದು ಸಾಲು: ಆ ಸಂಜೆ ಫೋನಿಗೆ ಬಂದಿದ್ದ ಆರು ಅಂಕಿ. ಅಕ್ಕ ಓದಿದರು.

ಕಿಟಕಿಯ ಕೆಳಗಿನಿಂದ ಪುಟ್ಟಿ ಆರೂ ಅಂಕಿಗಳನ್ನು ಕ್ರಮ ತಪ್ಪದೆ ತಿರುಗಿ ಹೇಳಿದಳು. ಹೇಳಿ, ತಲೆ ಓರೆಮಾಡಿ ಕಾದಳು.

ಅಕ್ಕ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ‘ಸರಿ’ ಎನ್ನಲಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದರು: “ಆರು, ಸೊನ್ನೆ, ಮೂರು, ಒಂದು, ಎಂಟು, ಎಂಟು.”